‘ಬುಶ್ ಹೋಗಿದೆ’ ಎಂಬ ತೀರ್ಪಿನ ಮೀಮಾಂಸೆ

ಏಳೆಂಟು ವರ್ಷ ಪುಣೆಯ ರಸ್ತೆಗಳಲ್ಲಿ ಓಡಿದ ಕಾರಿನ ಹಿಂಭಾಗದಲ್ಲಿ ಸದ್ದು ಶುರುವಾದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಬುಶ್ ಗೇಲಾ, ಸಾಹೇಬ್’, ಬುಶ್ ಹೋಗಿದೆ ಎಂದು. ಎಷ್ಟೋ ಸಲ ಅದು ನಿಜವೇ. ಆದರೆ ಆಧಾರವಿಲ್ಲದೆ ನಿಜವಾದ ತೀರ್ಪು ಮುಂದಿನ ಗಾಡಿಯಲ್ಲಿ ಸುಳ್ಳಾಗುತ್ತದೆ. ಬಿಲ್ಲು ಮಾತ್ರ ಎರಡು ಸಲವೂ ಬರುತ್ತದೆ. ಜೈಮಿನಿಯ ಪರಂಪರೆಯ ಮೀಮಾಂಸಕರು ಚರ್ಚೆಗೆ ಬಂದ ವಾಕ್ಯವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳ ಅಧಿಕರಣಕ್ಕೆ ಒಡ್ಡಿಯೇ ಅರ್ಥ ನಿರ್ಣಯಿಸುತ್ತಿದ್ದರು. ಗ್ಯಾರೇಜಿನ ವಾಕ್ಯಕ್ಕೂ ಅದೇ ಮರ್ಯಾದೆ ಸಲ್ಲಲಿ. ಶಬ್ದ ನಿತ್ಯ ಎಂದು ವಾದಿಸಿದವರೂ ಅವರೇ. ಹಿಂದಿನ ಸೀಟಿನ ಕೆಳಗಿನ ಟಕಟಕವನ್ನು ಆರು ತಿಂಗಳು ಸಹಿಸಿಕೊಂಡವರು ಆ ಮತವನ್ನು ತಕರಾರಿಲ್ಲದೆ ಒಪ್ಪಿಯಾರು.

ವಿಷಯ ಸರಳ. ಬುಶ್ ಎಂದರೆ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಬೆಸೆದ ರಬ್ಬರು. ಹೊರಗಿನದು ಚಕ್ರವನ್ನು ಹಿಡಿದ ಆರ್ಮ್‌ನ ಕಣ್ಣಿನಲ್ಲಿ ಪ್ರೆಸ್ ಮಾಡಿ ಕೂರಿಸಿದ್ದು. ಒಳಗಿನದರ ಮೂಲಕ ಬೋಲ್ಟ್ ಹಾಯ್ದು ಕಾರಿನ ಮೈಗೆ ಬಿಗಿಯಾಗುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಇಲ್ಲಿ ಏನೂ ಜಾರುವುದಿಲ್ಲ. ರಬ್ಬರು ತಿರುಚಿಕೊಂಡು ಮರಳುತ್ತದೆ, ಅಷ್ಟೇ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಎರಡು ಕಡೆ ಬೇಕಾಗುತ್ತದೆ.

ಹಿಂದೆ ಎಷ್ಟು ಬುಶ್ ಇವೆ ಎಂಬುದು ಗಾಡಿಯ ಮೇಲೆ ನಿಂತಿದೆ. 2009ರಲ್ಲಿ ಚಾಕಣದಲ್ಲಿ ಶುರುವಾದ ಫೋಕ್ಸ್‌ವ್ಯಾಗನ್ ಕಾರ್ಖಾನೆಯಿಂದ ಬಂದ ಪೋಲೊ, ಹಾಗೆಯೇ ಸ್ವಿಫ್ಟ್, ಐ20ಯಂಥ ಬಹುತೇಕ ಸಣ್ಣ ಕಾರುಗಳಲ್ಲಿ ಎರಡು ಚಕ್ರಗಳನ್ನು ಜೋಡಿಸುವ ತಿರುಚು ತೊಲೆ ಇದೆ. 1974ರ ಗಾಲ್ಫ್ ಜನಪ್ರಿಯಗೊಳಿಸಿದ ಏರ್ಪಾಟು ಅದು. ಅಲ್ಲಿ ಎಡಕ್ಕೊಂದು, ಬಲಕ್ಕೊಂದು, ದೊಡ್ಡ ಬುಶ್‌ಗಳು ಎರಡೇ. 1998ರ ಕೊನೆಯಲ್ಲಿ ಪಿಂಪ್ರಿಯಿಂದ ಹೊರಬಂದ ಟಾಟಾ ಇಂಡಿಕಾದಲ್ಲಿ ಓರೆಯಾಗಿ ಕೀಲು ಹಾಕಿದ ಸೆಮಿ ಟ್ರೇಲಿಂಗ್ ಆರ್ಮ್, ಒಂದೊಂದಕ್ಕೆ ಎರಡು, ಒಟ್ಟು ನಾಲ್ಕು. ನಮ್ಮ ಬಿಡದಿಯ ಹಳೆಯ ಇನೋವಾದಲ್ಲಿ ನಾಲ್ಕು ಲಿಂಕು, ಒಂದು ಅಡ್ಡರಾಡು, ಪ್ರತಿಯೊಂದರ ಎರಡೂ ತುದಿಗೆ ಬುಶ್: ಹತ್ತು. ಹೀಗಾಗಿ ಇನೋವಾ ಮಾಲೀಕನಿಗೆ ‘ಬುಶ್ ಹೋಗಿದೆ’ ಎಂದು ಹೇಳಿದರೆ ಅವನಿಗೆ ಇನ್ನೂ ಏನನ್ನೂ ಹೇಳಿದಂತಾಗಲಿಲ್ಲ.

ಸಂಶಯ ಹುಟ್ಟುವುದು ಹಿಂಭಾಗದಲ್ಲಿ ಸದ್ದು ಮಾಡಬಲ್ಲದ್ದು ಬುಶ್ ಒಂದೇ ಅಲ್ಲವಾದ್ದರಿಂದ. ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಮೌಂಟು, ಸ್ಪ್ರಿಂಗಿನ ಕೆಳಗಿನ ರಬ್ಬರು, ಸೈಲೆನ್ಸರಿನ ನೇತುಪಟ್ಟಿ, ಹ್ಯಾಂಡ್‌ಬ್ರೇಕ್ ಕೇಬಲ್ಲು, ಮಡಚುವ ಸೀಟಿನ ಕೊಕ್ಕೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಸಡಿಲವಾಗಿ ಬಿದ್ದ ಜಾಕ್, ಎಲ್ಲವೂ ಆರೋಪಿಗಳೇ. ವೇಗ ಹೆಚ್ಚಿದಂತೆ ಏರುವ ಗುಂಯ್‌ ಮಾತ್ರ ಈ ಚರ್ಚೆಗೆ ಸೇರದು. ಅದು ಬೇರಿಂಗೋ ಟೈರೋ, ಬುಶ್ ಅಲ್ಲ.

ನನ್ನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ, ಆಕ್ಷೇಪಗಳು ಅದನ್ನು ಗುರಿಯಿಟ್ಟು ಬರಲಿ. ಸದ್ದು ಹೇಗಿದೆ, ಎಲ್ಲಿಂದ ಬಂತು ಎಂಬಿವೆರಡೂ ದುರ್ಬಲ ಪ್ರಮಾಣಗಳು. ಯಾವ ದಿಕ್ಕಿನ ಬಲ ಬಿದ್ದಾಗ ಬಂತು ಎಂಬುದೇ ಪ್ರಬಲ. ಶಾಕ್ ಅಬ್ಸಾರ್ಬರಿನ ಕೆಲಸ ಮೇಲೆ ಕೆಳಗಿನ ಆಟವನ್ನು ತಡೆಯುವುದು. ಆರ್ಮಿನ ಬುಶ್‌ಗೆ ಬೇರೆಯದೇ ಹೊಣೆ ಇದೆ: ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು. ಆದ್ದರಿಂದ ಮೇಲೆ ಕೆಳಗಿನ ಬಲವಿಲ್ಲದೆ ಬರಿಯ ಹಿಂದೆ ಮುಂದಿನ ಬಲವನ್ನು ಕೊಟ್ಟು ನೋಡಬೇಕು.

ಹೇಗೆ? ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಸ್ಟೆಪ್ನಿ, ಜಾಕ್ ಸಹಿತ. ತಣ್ಣಗಿರುವಾಗಲೇ ಸೈಲೆನ್ಸರನ್ನು ಕೈಯಿಂದ ಅಲ್ಲಾಡಿಸಿ ಎಲ್ಲಿಗೂ ಬಡಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸೊಸೈಟಿಯ ಪಾರ್ಕಿಂಗಿನ ಸಮತಟ್ಟು ನೆಲದಲ್ಲಿ ನಡಿಗೆಯ ವೇಗದಲ್ಲಿ ರಿವರ್ಸ್ ಹೋಗುತ್ತಾ ಹ್ಯಾಂಡ್‌ಬ್ರೇಕ್ ಎಳೆಯಿರಿ. ಅದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಗಾಡಿಯ ಮೈ ಹಿಂದಕ್ಕೆ ತಳ್ಳುತ್ತದೆ, ಚಕ್ರ ತಡೆಯುತ್ತದೆ, ನಡುವೆ ಸಿಕ್ಕುವುದು ಬುಶ್. ರಬ್ಬರು ಹರಿದಿದ್ದರೆ ಒಳಗಿನ ಕೊಳವೆ ಖಾಲಿ ಜಾಗ ದಾಟಿ ಅಂಚಿಗೆ ಬಡಿಯುತ್ತದೆ: ಒಂದೇ ಒಂದು ದಪ್ಪನೆಯ ‘ಧಡ್’, ಕಿವಿಗಿಂತ ಮೊದಲು ಸೀಟಿನ ಕೆಳಗೆ ತಾಗುವಂಥದ್ದು. ಮುಂದಕ್ಕೆ ಹೋಗುತ್ತಲೂ ಹೀಗೇ ಮಾಡಿ. ಆಮೇಲೆ ಗಾಡಿ ನಿಲ್ಲಿಸಿ, ಡಿಕ್ಕಿಯ ಅಂಚಿನ ಮೇಲೆ ಭಾರ ಹಾಕಿ ಮೇಲೆ ಕೆಳಗೆ ಕುಣಿಸಿ. ಮೊದಲನೆಯದರಲ್ಲಿ ಸದ್ದು ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಇದ್ದಾಗ ಇರುವ ಅನ್ವಯವೂ ಸಿಕ್ಕಿತು, ಇಲ್ಲದಾಗ ಇರದ ವ್ಯತಿರೇಕವೂ ಸಿಕ್ಕಿತು. ತಿರುಗಾಮುರುಗಾ ಆದರೆ ಶಾಕ್ ಅಬ್ಸಾರ್ಬರಿನ ಕಡೆ ನೋಡಿ.

ಹಿಂದೆಯೂ ಡಿಸ್ಕ್ ಬ್ರೇಕ್ ಇದ್ದರೆ ಒಂದು ಎಚ್ಚರಿಕೆ. ಸಡಿಲವಾದ ಪ್ಯಾಡ್ ಕೂಡ ದಿಕ್ಕು ಬದಲಿಸಿದಾಗ ‘ಟಕ್’ ಎನ್ನುತ್ತದೆ. ಆದರೆ ಅದು ಒಂದು ದಿಕ್ಕಿಗೆ ಒಮ್ಮೆ ಸರಿದರೆ ಅಲ್ಲೇ ಕೂತಿರುತ್ತದೆ. ಅದೇ ದಿಕ್ಕಿನಲ್ಲಿ ಎರಡನೆಯ ಸಲ ಬ್ರೇಕ್ ಹಾಕಿದರೆ ಸುಮ್ಮನಿರುತ್ತದೆ. ಹರಿದ ಬುಶ್ ಬ್ರೇಕ್ ಬಿಟ್ಟ ಕೂಡಲೇ ನಡುವಿಗೆ ಮರಳುತ್ತದೆ, ಆದ್ದರಿಂದ ಪ್ರತಿ ಸಲವೂ ಬಡಿಯುತ್ತದೆ. ದುರ್ಬೀನು ಹಾಕಿ ಹುಡುಕಿದರೂ ಸಿಗದ ವ್ಯತ್ಯಾಸ ಸತತ ಎರಡು ಬ್ರೇಕಿನಲ್ಲಿ ಸಿಗುತ್ತದೆ.

ಈಗ ಪೂರ್ವಪಕ್ಷಗಳು. ‘ಇಷ್ಟೆಲ್ಲ ಯಾಕೆ, ಮೂವತ್ತು ವರ್ಷದ ಮೇಸ್ತ್ರಿಗೆ ಕಿವಿಯೇ ಸಾಕು’ ಎನ್ನುವುದು ಮೊದಲನೆಯದು, ಗೌರವಯುತವಾದದ್ದು ಕೂಡ. ಉತ್ತರ: ಬುಶ್‌ನ ಬೋಲ್ಟ್ ನೇರ ಕಾರಿನ ಮೈಗೇ ಬಿಗಿದಿರುವುದರಿಂದ ಬಡಿತ ತಗಡಿನ ಉದ್ದಕ್ಕೂ ಹರಿದು ಎಲ್ಲೋ ಹೊರಬೀಳುತ್ತದೆ, ತಗ್ಗು ಸ್ವರದ ಸದ್ದಿನ ದಿಕ್ಕು ಮುಚ್ಚಿದ ಜಾಗದಲ್ಲಿ ಕಿವಿಗೆ ಸಿಗುವುದು ಕಷ್ಟ. ಎಡದ ಬುಶ್ ಹೋಗಿ ಬಲದ ಬಾಗಿಲನ್ನು ಬೈದವರಿದ್ದಾರೆ. ಮೇಸ್ತ್ರಿ ಗೆಲ್ಲುವುದು ಕಿವಿಯಿಂದಲ್ಲ, ‘ಈ ಮಾಡೆಲ್ಲಿನಲ್ಲಿ ಮೊದಲು ಹೋಗುವುದು ಇದೇ’ ಎಂಬ ನೆನಪಿನಿಂದ. ಆ ನೆನಪಿಗೆ ಬೆಲೆಯಿದೆ, ಎಲ್ಲಿಂದ ಶುರು ಮಾಡಬೇಕೆಂದು ಅದು ಹೇಳುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದಿಲ್ಲ. ಇನ್ನು, ಇದಕ್ಕೆಲ್ಲ ಪುಣೆಯ ವೇತಾಳ ಟೇಕಡಿಯ ಮೇಲಿರುವ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯಂಥ ಪ್ರಯೋಗಾಲಯವೇ ಬೇಕು ಎನ್ನುವವರಿಗೆ: 1966ರಲ್ಲಿ ಹುಟ್ಟಿದ ಆ ಸಂಸ್ಥೆಯಲ್ಲಿ ಸದ್ದು ಅಳೆಯುವ ವ್ಯವಸ್ಥೆ ಇರುವುದು ಗಾಡಿ ತಯಾರಿಸುವವರಿಗಾಗಿ. ನಮಗೆ ಪಾರ್ಕಿಂಗಿನ ನೆಲ ಸಾಕು.

‘ಹಂಪ್ ಹತ್ತಿಸಿದರೆ ತಾನೇ ತಿಳಿಯುತ್ತದೆ’ ಎಂಬುದು ಇನ್ನೊಂದು. ಹಂಪ್ ಕೆಟ್ಟ ಸಾಕ್ಷಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾನದಂಡದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀ. ಅಗಲ, ಗಂಟೆಗೆ 25 ಕಿ.ಮೀ.ಯಲ್ಲಿ ಮೆಲ್ಲನೆ ದಾಟಬಹುದಾದದ್ದು. ನಮ್ಮ ಸೊಸೈಟಿ ಗೇಟುಗಳ ಮುಂದಿನ ಗತಿರೋಧಕಗಳು ಆ ಕಾಗದವನ್ನು ನೋಡಿದಂತಿಲ್ಲ. ಅವುಗಳ ಚೂಪಾದ ಅಂಚು ಚಕ್ರವನ್ನು ಮೇಲಕ್ಕೂ ಹಿಂದಕ್ಕೂ ಒಟ್ಟಿಗೇ ಒದೆಯುತ್ತದೆ, ಆಗ ಎಲ್ಲ ಆರೋಪಿಗಳೂ ಒಟ್ಟಿಗೇ ಬಾಯಿ ಬಿಡುತ್ತಾರೆ. ಹಂಪ್‌ಗಿಂತ ಬೇಸ್‌ಮೆಂಟಿನ ಇಳಿಜಾರು ಮೇಲು. ಓರೆಯಾಗಿ ನಿಧಾನಕ್ಕೆ ಹತ್ತಿಸಿದರೆ ಒಂದು ಚಕ್ರ ಏರಿ ಇನ್ನೊಂದು ಇಳಿದು ತೊಲೆ ತಿರುಚಿಕೊಳ್ಳುತ್ತದೆ. ಬೆಸುಗೆ ಬಿಟ್ಟ ರಬ್ಬರು ಅಲ್ಲಿ ‘ಕಿರ್‍ರ್’ ಎಂದು ಉದ್ದಕ್ಕೆ ಎಳೆಯುತ್ತದೆ.

ಮೂರನೆಯ ಪಕ್ಷ ಬಲವಾದದ್ದು: ‘ಕಣ್ಣಿಗಿಂತ ಪ್ರಮಾಣವಿಲ್ಲ. ಲಿಫ್ಟಿಗೆ ಏರಿಸಿ ನೋಡಿದೆವು, ಬುಶ್ ಗಟ್ಟಿಯಾಗಿದೆ.’ ಇಲ್ಲಿ ಅದೇ ಪರಂಪರೆಯ ಭಾಟ್ಟ ಮೀಮಾಂಸಕರ ಒಂದು ವಿವೇಚನೆ ಅಚ್ಚರಿಯೆನಿಸುವಷ್ಟು ಒದಗಿ ಬರುತ್ತದೆ. ಕಾಣದಿರುವುದೂ ಒಂದು ಪ್ರಮಾಣ, ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಆದರೆ ವಸ್ತು ಇದ್ದಿದ್ದರೆ ಕಾಣಲೇಬೇಕಾದಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ. ಕತ್ತಲೆ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಕೊಡ ಇಲ್ಲವೆಂದಲ್ಲ. ಎರಡು ಕಂಬದ ಲಿಫ್ಟ್ ಗಾಡಿಯನ್ನು ಮೈ ಹಿಡಿದು ಎತ್ತುತ್ತದೆ. ಚಕ್ರಗಳು ಜೋತುಬೀಳುತ್ತವೆ, ಬುಶ್ ತನ್ನ ತಿರುಚಿನ ಕೊನೆಯಲ್ಲಿ ಬಿಗಿದು ನಿಲ್ಲುತ್ತದೆ. ಆ ಭಂಗಿಯಲ್ಲಿ ಸಡಿಲು ಕಾಣದಿರಬಹುದು. ರಸ್ತೆಯ ಮೇಲೆ ಬುಶ್ ಸಾಮಾನ್ಯವಾಗಿ ಆ ಭಂಗಿಯಲ್ಲಿ ದುಡಿಯುವುದಿಲ್ಲ. ನೋಡಬೇಕಾದದ್ದು ಚಕ್ರದ ಮೇಲೆ ಭಾರ ಇರುವಾಗ. ಹಳೆಯ ಗ್ಯಾರೇಜಿನ ನೆಲದಲ್ಲಿ ಕೊರೆದ ಗುಂಡಿ, ಇಲ್ಲವೇ ಟೈರ್ ಅಂಗಡಿಯಲ್ಲಿ ಅಲೈನ್‌ಮೆಂಟಿಗೆ ಗಾಡಿಯನ್ನೇ ಹತ್ತಿಸುವ ರ‍್ಯಾಂಪು ಇದಕ್ಕೆ ಹೇಳಿ ಮಾಡಿಸಿದ್ದು. ಹೊಳೆಯುವ ಟೈಲ್ಸಿನ ವರ್ಕ್‌ಶಾಪಿಗಿಂತ ಅಲ್ಲಿ ಸತ್ಯ ಬೇಗ ಸಿಗುತ್ತದೆ. ಒಬ್ಬರು ಹ್ಯಾಂಡ್‌ಬ್ರೇಕ್ ಎಳೆದು ಕೂರಲಿ, ಒಬ್ಬರು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಲಿ, ಬುಶ್‌ನ ಮುಂದೆ ಮೊಬೈಲ್ ಹಿಡಿದು ಸ್ಲೋ ಮೋಷನ್ನಿನಲ್ಲಿ ಚಿತ್ರಿಸಿ. ಆರೋಗ್ಯವಾದ ಬುಶ್ ಸ್ವಲ್ಪ ಸರಿದು ಮೃದುವಾಗಿ ಮರಳುತ್ತದೆ. ಹರಿದದ್ದು ಸರಿದು, ತಟ್ಟನೆ ಬಡಿದು ನಿಲ್ಲುತ್ತದೆ. ಬರಿಯ ಜಾಕ್ ನಂಬಿ ಮಾತ್ರ ಗಾಡಿಯ ಕೆಳಗೆ ಹೋಗಬೇಡಿ, ಯಾವ ಪ್ರಮಾಣಕ್ಕಾಗಿಯೂ.

ಕಣ್ಣು ಇನ್ನೊಂದು ಬಗೆಯಲ್ಲೂ ಮೋಸಹೋಗುತ್ತದೆ. ರಬ್ಬರಿನ ಮೇಲ್ಮೈಯ ಕೂದಲೆಳೆಯ ಬಿರುಕುಗಳನ್ನು ತೋರಿಸಿ ‘ನೋಡಿ ಸಾಹೇಬ್’ ಎನ್ನುತ್ತಾರೆ. ಗಾಳಿಯ ಓಜೋನು, ಬಿಸಿಲು, ವಯಸ್ಸು ಸೇರಿ ಎಲ್ಲ ರಬ್ಬರಿಗೂ ಬರುವ ಸುಕ್ಕು ಅದು. ಅಪರಾಧ ಇರುವುದು ರಬ್ಬರು ಲೋಹದಿಂದ ಕಿತ್ತುಬಂದ ಸೀಳಿನಲ್ಲಿ, ನಡುವಿನ ಕೊಳವೆ ಪಕ್ಕಕ್ಕೆ ಜರುಗಿದ್ದರಲ್ಲಿ, ದ್ರವ ತುಂಬಿದ ಬುಶ್ ಆದರೆ ಒಸರಿದ ಕಲೆಯಲ್ಲಿ. ಕೆಲವು ಬುಶ್‌ಗಳ ರಬ್ಬರಿನಲ್ಲಿ ಅರ್ಧಚಂದ್ರದ ಕಿಂಡಿಗಳನ್ನು ತಯಾರಕರೇ ಬಿಟ್ಟಿರುತ್ತಾರೆ. ಟೈರ್ ಲಿವರ್ ಹಾಕಿ ಮೀಟಿದರೆ ಅಂಥ ಬುಶ್‌ಗಳು ಅಲ್ಲಾಡುತ್ತವೆ, ಅಲ್ಲಾಡಲೇಬೇಕು.

‘ಆಯಿಲ್ ಸ್ಪ್ರೇ ಹೊಡೆದೆ, ಸದ್ದು ನಿಂತಿತು, ಬುಶ್ಶೇ ಎಂದು ಸಿದ್ಧವಾಯಿತಲ್ಲ?’ ಇಲ್ಲ. ಸ್ಪ್ರೇ ಹೊಡೆದಲ್ಲಿ ಮಾತ್ರ ನಿಲ್ಲದೆ ಅಕ್ಕಪಕ್ಕಕ್ಕೆ ಹರಿಯುತ್ತದೆ, ಯಾರನ್ನು ಸುಮ್ಮನಾಗಿಸಿತೋ ಹೇಳಲಾಗದು. ಜೊತೆಗೆ ಪೆಟ್ರೋಲಿಯಂ ಎಣ್ಣೆ ಸಹಜ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಅನುಮಾನಿತನನ್ನೇ ಕೊಂದ ಹಾಗೆ. ಪರೀಕ್ಷೆಗೆ ಬಾಟಲಿಯ ನೀರು ಸಾಕು: ಒಂದೊಂದೇ ಕೀಲಿಗೆ ಸಿಂಪಡಿಸಿ, ಇಳಿಜಾರು ಹತ್ತಿಸಿ, ಒಣಗಿದ ಮೇಲೆ ಸದ್ದು ಮರಳುತ್ತದೆಯೇ ನೋಡಿ. ಪುಣೆಯ ಮಳೆಗಾಲ ಈ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಡುತ್ತದೆ. ಜೂನಿನಲ್ಲಿ ಅಡಗಿದ ಕಿರಕಿರ ಅಕ್ಟೋಬರಿನ ಬಿಸಿಲಿಗೆ ಮತ್ತೆ ಬಂದರೆ ಜಾರುತ್ತಿರುವ ರಬ್ಬರನ್ನು ಸಂಶಯಿಸಲು ಕಾರಣವಿದೆ. ಬೆಸೆದ ಬುಶ್ ಜಾರುವುದೇ ಇಲ್ಲವೆಂದು ಮೇಲೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬಂತು: ಅದು ಕಿರುಗುಟ್ಟುತ್ತಿದೆ ಎಂದರೆ ಎಲ್ಲೋ ಬೆಸುಗೆ ಬಿಟ್ಟಿದೆ ಎಂಬುದು ಅರ್ಥಾಪತ್ತಿ. ಹಗಲು ಉಣ್ಣದೆಯೂ ಕೊಬ್ಬಿದ ದೇವದತ್ತ ರಾತ್ರಿ ಉಣ್ಣುತ್ತಾನೆ ಎಂಬಷ್ಟೇ ಗಟ್ಟಿ. ಪಾಲಿಯೂರಿಥೇನ್ ಬುಶ್ ಹಾಕಿಸಿಕೊಂಡವರಿಗೆ ಈ ತರ್ಕ ಅನ್ವಯಿಸದು. ಅಂಥ ಬುಶ್‌ಗಳಲ್ಲಿ ಜಾರುವವೇ ಹೆಚ್ಚು. ಗ್ರೀಸ್ ಒಣಗಿದರೆ ಹೊಸದಾಗಿದ್ದೂ ಕಿರುಚುತ್ತವೆ.

‘ವಿಚಾರಕ್ಕೆ ತಗಲುವ ಹೊತ್ತಿಗಿಂತ ಎಲ್ಲ ಬದಲಾಯಿಸುವುದೇ ಅಗ್ಗ’ ಎನ್ನುವವರೂ ಇದ್ದಾರೆ. ಇನೋವಾದ ಹತ್ತರಲ್ಲಿ ಹತ್ತನ್ನೂ? ನಾನಾ ಪೇಟೆಯ ಸ್ಪೇರ್ಸ್ ಅಂಗಡಿಯಲ್ಲಿ ಬುಶ್‌ಗೆ ಕೊಡುವುದು ಕಡಿಮೆಯೇ ಇರಬಹುದು. ದುಡ್ಡು ಹೋಗುವುದು ತೊಲೆ ಇಳಿಸಿ, ಪ್ರೆಸ್ಸಿನಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಕೂಲಿಗೆ. ಕೆಲವು ಗಾಡಿಗಳಿಗೆ ಬುಶ್ ಬಿಡಿಯಾಗಿ ಸಿಗುವುದೂ ಇಲ್ಲ, ಆರ್ಮ್ ಸಮೇತವೇ ಕೊಳ್ಳಬೇಕು. ಒಂದು ಬದಿಯದು ಹೋಗಿದ್ದರೆ ಎದುರಿನ ಬದಿಯದನ್ನೂ ಬದಲಿಸುವುದು ಸರಿ, ಅದಕ್ಕೂ ಅಷ್ಟೇ ವಯಸ್ಸಾಗಿದೆ. ಮಂಗಳವಾರ ಪೇಟೆಯ ಜುನಾ ಬಜಾರಿನಿಂದ ಬುಶ್ ಕೂತ ಹಳೆಯ ಆರ್ಮ್ ತರುವ ಜಾಣತನ ಬೇಡ. ರಬ್ಬರು ಓಡದೆಯೂ ಮುಪ್ಪಾಗುತ್ತದೆ.

ಕೊನೆಯದು ನಿರ್ಲಿಪ್ತರ ಪಕ್ಷ: ‘ಸದ್ದು ತಾನೇ, ಹಾಡು ಜೋರು ಮಾಡಿದರಾಯಿತು.’ ಅರ್ಧ ಒಪ್ಪುತ್ತೇನೆ. ರಬ್ಬರು ಪೂರ್ತಿ ಹರಿದರೂ ಬೋಲ್ಟ್ ಕಣ್ಣಿನೊಳಗೇ ಇರುವುದರಿಂದ ಚಕ್ರ ಕಳಚಿ ಹೋಗುವ ಭಯ ಸಾಮಾನ್ಯವಾಗಿ ಇಲ್ಲ. ನಾಳೆಯೇ ಮಾಡಿಸದಿದ್ದರೆ ಪ್ರಾಣಾಪಾಯ ಎಂದು ಹೆದರಿಸುವ ಗ್ಯಾರೇಜನ್ನು ನಂಬಬೇಡಿ. ಆದರೆ ಹಿಂದಿನ ಚಕ್ರಗಳು ತಮ್ಮಷ್ಟಕ್ಕೆ ತುಸು ಪಕ್ಕಕ್ಕೆ ತಿರುಗಲು ಶುರುಮಾಡುತ್ತವೆ. ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ದೀಪಾವಳಿಗೆ ಡಿಕ್ಕಿ ತುಂಬಿಕೊಂಡು ಬೆಳಗಾವಿ, ಹುಬ್ಬಳ್ಳಿಗೆ ಹೊರಟ ಪುಣೆ ಕನ್ನಡಿಗ ಖಂಬಾಟಕಿ ಘಾಟಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಗಾಡಿಯ ಬಾಲ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಊರೊಳಗೆ ತಿಂಗಳು ತಳ್ಳಬಹುದು, ಹೆದ್ದಾರಿಗೆ ಹಾಗೆ ಹೋಗಬಾರದು.

ಹೊಸ ಬುಶ್ ಹಾಕಿಸಿದವರು ಒಂದನ್ನು ನಿಂತು ನೋಡಬೇಕು. ಗಾಡಿ ಲಿಫ್ಟಿನಲ್ಲಿ ಜೋತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದುಬಿಟ್ಟರೆ ರಬ್ಬರು ಆ ಜೋತ ಭಂಗಿಯನ್ನೇ ನೆಮ್ಮದಿಯ ಸ್ಥಿತಿ ಎಂದು ಹಿಡಿಯುತ್ತದೆ. ನೆಲಕ್ಕೆ ಇಳಿಸಿದ ಕ್ಷಣದಿಂದ ಹಿಂಡಿದ ಬಟ್ಟೆಯಂತೆ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿ ತನ್ನ ಚಕ್ರಗಳ ಮೇಲೆ ನಿಂತ ಮೇಲೆ, ಕಂಪನಿಯ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಬೇಕು. ಕಿಂಡಿಗಳಿರುವ ಬುಶ್ ಆದರೆ ಗುರುತು ನೋಡಿ ದಿಕ್ಕು ಹೊಂದಿಸಿಯೇ ಪ್ರೆಸ್ ಮಾಡಬೇಕು. ಆಮೇಲೆ ಅದೇ ಪಾರ್ಕಿಂಗಿನಲ್ಲಿ ಅದೇ ಹ್ಯಾಂಡ್‌ಬ್ರೇಕ್ ಪರೀಕ್ಷೆ. ಅದು ಮೌನವಾಗಿದ್ದೂ ಹಂಪ್ ಮೇಲೆ ಟಕಟಕ ಉಳಿದಿದ್ದರೆ ಬುಶ್ ನಿರ್ದೋಷಿಯಾಗಿ ಹೊರನಡೆಯಿತು. ಒಂದಕ್ಕೊಂದು ಕೊಂಡಿ ಹಾಕುವ ಸಂಗತಿಯ ಕ್ರಮದಲ್ಲಿ ಮುಂದಿನ ಅಧಿಕರಣ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿನದು.