ಬಚ್ಚಲ ಕಿಂಡಿಯಾಚೆಯ ಹೊಣೆ



ಮಠದ ಪ್ರಸಾದ ನಿಲಯದಲ್ಲಿದ್ದು ವಿದ್ಯೆ ಕಲಿತ ತಮಗೆ ಆ ದೃಶ್ಯವನ್ನು ಮತ್ತೆ ನೆನಪಿಸಬೇಕಾಗಿಲ್ಲ. ಪಂಕ್ತಿ ಮುಗಿದಾಗ ತಟ್ಟೆಯಲ್ಲಿ ಒಂದಗುಳೂ ಉಳಿದಿರಬಾರದು. ಉಂಡ ತಟ್ಟೆಯನ್ನು ಉಂಡವನೇ ತೊಳೆದಿಡಬೇಕು. ಬಡಿಸಿದ್ದು ಬರಿಯ ಅನ್ನವಲ್ಲ, ಪ್ರಸಾದವೆಂಬ ಭಾವನೆ ಆ ನಿಯಮದ ಹಿಂದೆ ಇತ್ತು. ಉಜ್ಜಲು ಬೂದಿ ಮತ್ತು ತೆಂಗಿನ ನಾರು. ಜಿಡ್ಡೆಲ್ಲ ಬೂದಿಗಂಟಿ ತಿಪ್ಪೆಗೋ ಗಿಡದ ಬುಡಕ್ಕೋ ಸೇರುತ್ತಿತ್ತು.

ಇಂದು ನಮ್ಮಲ್ಲಿ ಬಹುಮಂದಿ ನಗರವಾಸಿಗಳು. ಹಬ್ಬದಲ್ಲಿ ಕರ್ಜಿಕಾಯಿ ಕರಿದು ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿದು, ಮೇಲೊಂದು ತಂಬಿಗೆ ಬಿಸಿನೀರು ಹಾಕಿ, ಶುಚಿಯಾಯಿತೆಂದು ತಿಳಿಯುತ್ತೇವೆ. ಮಗುವನ್ನು ಒರೆಸಿದ ವೆಟ್ ವೈಪನ್ನು ಕಕ್ಕಸಿಗೆ ಹಾಕಿ ನೀರು ಬಿಡುತ್ತೇವೆ. ಕಣ್ಣಿಗೆ ಮರೆಯಾದೊಡನೆ ನಮ್ಮ ಹೊಣೆಯೂ ತೀರಿತೇ?

ಮರೆಯಾದುದು ಎಲ್ಲಿ ಸೇರಿತೆಂಬುದನ್ನು ತುಸು ವಿಚಾರಿಸೋಣ. ಬಿಸಿಯಿದ್ದಾಗ ನೀರಿನಂತೆ ಹರಿಯುವ ತುಪ್ಪ, ಡಾಲ್ಡಾ ಕೊಳವೆಯ ತಂಪಿಗೆ ಹೆಪ್ಪುಗಟ್ಟುತ್ತವೆ. ಜಿಡ್ಡು ಒಡೆದು ಹುಟ್ಟಿದ ಆಮ್ಲವು ನೀರಿನಲ್ಲಿಯೂ ಕಾಂಕ್ರೀಟಿನಲ್ಲಿಯೂ ಇರುವ ಸುಣ್ಣದ ಅಂಶದೊಡನೆ ಕೂಡಿ ಸಾಬೂನಿನಂತಹ ಗಟ್ಟಿ ಪದಾರ್ಥವಾಗುತ್ತದೆ. (ಬೂದಿಯಿಂದ ತಟ್ಟೆ ಉಜ್ಜಿದಾಗ ನಡೆಯುತ್ತಿದ್ದುದೂ ಇದಕ್ಕೆ ಹತ್ತಿರದ ಕ್ರಿಯೆಯೇ; ಆದರೆ ಅದು ನಮ್ಮ ಅಂಗೈಯಲ್ಲಿ ನಡೆಯುತ್ತಿತ್ತು.) ವೆಟ್ ವೈಪು ನೋಡಲು ಕಾಗದದಂತಿದ್ದರೂ ಅನೇಕವುಗಳಲ್ಲಿ ಪ್ಲಾಸ್ಟಿಕ್ ಎಳೆಗಳಿರುತ್ತವೆ, ಅವು ಕಾಗದದಂತೆ ನೀರಿನಲ್ಲಿ ಬಿಡಿಬಿಡಿಯಾಗುವುದಿಲ್ಲ. ಎಳೆ ಜಿಡ್ಡನ್ನು ಹಿಡಿಯುತ್ತದೆ, ಜಿಡ್ಡು ಮತ್ತಷ್ಟು ಕಸವನ್ನು ಹಿಡಿಯುತ್ತದೆ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅದೇ ನಗರದ ವೈಟ್‌ಚಾಪೆಲ್ ಭಾಗದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಒಳಚರಂಡಿಯೊಳಗೆ, 2017ರಲ್ಲಿ ಇಂತಹ ಜಿಡ್ಡಿನ ಹೆಬ್ಬಂಡೆ ಸಿಕ್ಕಿತು. ಉದ್ದ ಸುಮಾರು 250 ಮೀಟರ್, ತೂಕ ಸುಮಾರು 130 ಟನ್. ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಅದರ ಒಂದು ತುಣುಕನ್ನು ಮರುವರ್ಷ ವಸ್ತುಸಂಗ್ರಹಾಲಯದಲ್ಲಿಟ್ಟು ತೋರಿಸಿದರು. ಒಳಗಿಳಿದವರು ರಕ್ಷಣೆಯ ಉಡುಪು ತೊಟ್ಟಿದ್ದರು. ಒತ್ತಡದ ನೀರು ಚಿಮ್ಮುವ ಯಂತ್ರ ಅವರಲ್ಲಿತ್ತು. ಕೆಲಸ ಹೊಲಸಿನದೇ, ಆದರೆ ಅದು ಅವರ ಜಾತಿಯ ಪಾಲಿಗೆ ಬರೆದಿಟ್ಟದ್ದಾಗಿರಲಿಲ್ಲ.

ನಮ್ಮಲ್ಲಿ? ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಕೇಂದ್ರದ ಕಾನೂನುಗಳು ಬಂದವು; ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗಿಳಿಸುವುದು ಅಪರಾಧವಾಯಿತು. 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಪರಿಹಾರ ಏರಿಸಬೇಕಾಯಿತೆಂದರೆ ಸಾವು ನಿಂತಿರಲಿಲ್ಲವೆಂದೇ ಅರ್ಥ. ಕಟ್ಟಿಕೊಂಡ ಚರಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ವಾಸನೆಯಿಲ್ಲವೆಂದು ನಂಬಿದವನು ಮೇಲೇರುವುದಿಲ್ಲ. ಅವನನ್ನು ಎತ್ತಲೆಂದು ಇಳಿದ ಜೊತೆಗಾರನೂ ಎಷ್ಟೋ ಸಲ ಅಲ್ಲಿಯೇ ಉಳಿಯುತ್ತಾನೆ.

ಇಷ್ಟನ್ನು ಕೇಳಿಯೂ ಕೆಲವು ಭಕ್ತರು, ಯಾವ ಕಾಯಕವೂ ಕೀಳಲ್ಲವೆಂದು ಶರಣರು ಸಾರಲಿಲ್ಲವೇ, ಅದು ಅವನ ಕಾಯಕ, ಎಂದು ಸಮಾಧಾನಪಡುವುದುಂಟು. ತತ್ತ್ವ ಶರಣರದು, ಬಳಕೆ ನಮ್ಮ ಸ್ವಾರ್ಥದ್ದು. ಸತ್ಯಕ್ಕನು ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಶರಣೆ. ಆ ಪೊರಕೆಯನ್ನು ಹಿಡಿದುದು ಅವಳ ಭಕ್ತಿ, ಹಸಿವಿನ ಹೆದರಿಕೆಯಲ್ಲ. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದನು. ಆ ಹುಲ್ಲು ಅವನ ಉಸಿರು ಕಟ್ಟಿಸಲಿಲ್ಲ. ಹುಟ್ಟಿನ ನೆಪದಿಂದ ಒಬ್ಬನಿಗೆ ಅಂಟಿಸಿದ, ಬೇರೆಯವರ ಅಲಕ್ಷ್ಯ ಹೆಚ್ಚಿದಷ್ಟೂ ಮಾರಕವಾಗುವ ದುಡಿಮೆಗೆ ಕಾಯಕವೆಂದು ಹೆಸರಿಟ್ಟರೆ, ಶರಣರು ಹರಿದೊಗೆದ ಕಟ್ಟನ್ನೇ ನಾವು ಮತ್ತೆ ಹೊಲಿದಂತಾಯಿತು. ಪೌರಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲು ಹೊದಿಸಿದ ಕೈಯೇ ಆ ಸಂಜೆ ಬಾಣಲೆಯನ್ನು ಸಿಂಕಿಗೆ ಬಗ್ಗಿಸುತ್ತಿದೆಯಲ್ಲ!

ಮಾಡಬೇಕಾದುದು ಕಷ್ಟದ್ದೇನಲ್ಲ. ಕರಿದ ಎಣ್ಣೆಯನ್ನು ಆರಿಸಿ ಡಬ್ಬಿಗೆ ತುಂಬುವುದು. ಜಿಡ್ಡಿನ ಪಾತ್ರೆಯನ್ನು ತೊಳೆಯುವ ಮೊದಲು ಹಳೆಯ ಕಾಗದದಿಂದ ಒರೆಸುವುದು. ವೈಪನ್ನು ಕಸದ ಬುಟ್ಟಿಗೇ ಹಾಕುವುದು.

ಮನೆಯ ಮಾತು ಇಷ್ಟಾಯಿತು. ಜಾತ್ರೆಯ ದಾಸೋಹದಲ್ಲಿ ಸಾವಿರಾರು ಜನ ಪ್ರಸಾದ ಸ್ವೀಕರಿಸುತ್ತಾರೆ. ಕೊಪ್ಪರಿಗೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆಂದು ನಾವು ಯಾವ ಸಭೆಯಲ್ಲಿ ಕೇಳಿದ್ದೇವೆ? ಅಡುಗೆಮನೆಯ ಹಿಂದೆ ಜಿಡ್ಡು ತಡೆಯುವ ತೊಟ್ಟಿಯೊಂದನ್ನು ಕಟ್ಟಿಸಬಹುದು. ನೀರು ಅದರಲ್ಲಿ ಮೆಲ್ಲನೆ ಹಾಯುವಾಗ ಜಿಡ್ಡು ಮೇಲೆ ತೇಲಿ ನಿಲ್ಲುತ್ತದೆ, ನೀರು ಕೆಳಗಿನಿಂದ ಮುಂದಕ್ಕೆ ಹೋಗುತ್ತದೆ. ನಿಂತ ಜಿಡ್ಡನ್ನು ಆಗಾಗ ಯಾರಾದರೂ ತೆಗೆಯಲೇಬೇಕು. ಆ ಸರದಿಯ ಪಟ್ಟಿ ಬರೆಯಲು ಕುಳಿತಾಗ, ಅಂದು ತಟ್ಟೆ ತೊಳೆದ ನಾವು ಮೊದಲ ಹೆಸರು ಯಾರದನ್ನು ಬರೆಸುತ್ತೇವೆ?