ಅರಿವೂ ನೆವವೂ



ಶರಣರು ಅರಿವನ್ನೇ ಗುರುವೆಂದು ಬಗೆದರು. ಗುರುವು ಮುಂದೆ ನಡೆಯಬೇಕು, ಮನಸ್ಸು ಹಿಂಬಾಲಿಸಬೇಕು. ನಮ್ಮ ನಿತ್ಯ ಸಂಸಾರದಲ್ಲಾದರೋ ಕ್ರಮವು ತಲೆಕೆಳಗಾಗಿದೆ. ಆಸೆಯೋ ಅಂಜಿಕೆಯೋ ಮೊದಲು ತೀರ್ಮಾನಿಸುತ್ತದೆ. ಬುದ್ಧಿಯು ಆಮೇಲೆ ಬಂದು ಅದಕ್ಕೊಂದು ಕಾರಣವನ್ನು ಹುಡುಕಿಕೊಡುತ್ತದೆ. ಕಾರಣದಂತೆ ತೋರಿ ಕಾರಣವಲ್ಲದ್ದನ್ನು ತರ್ಕಶಾಸ್ತ್ರವು ಹೇತ್ವಾಭಾಸವೆಂದು ಕರೆಯಿತು. ಮನೆಮಾತಿನಲ್ಲಿ ಅದೇ ನೆವ.

ಸೊಸೆಯು ಹೊಸ್ತಿಲು ದಾಟಿದ ವಾರದಲ್ಲಿಯೇ ಎತ್ತು ಸತ್ತರೆ, ‘ಇವಳ ಕಾಲ್ಗುಣ’ ಎನ್ನುವ ಮನೆಗಳು ಇಂದಿಗೂ ಉಂಟು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂದು ನಗುವ ನಾವೇ ಇಲ್ಲಿ ನಗುವುದನ್ನು ಮರೆಯುತ್ತೇವೆ. ಒಂದರ ಹಿಂದೆ ಮತ್ತೊಂದು ಬಂದಮಾತ್ರಕ್ಕೆ ಅದರಿಂದಲೇ ಇದಾಯಿತೆನ್ನಲಾಗದು. ಎತ್ತಿಗೆ ಬೇನೆಯಿತ್ತು; ನಿಂದೆ ಮಾತ್ರ ನಿರಪರಾಧಿಯಾದ ಹೆಣ್ಣುಮಗಳ ಪಾಲಿಗೆ ಬಂದಿತು. ನಮ್ಮ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ದಿನ ಶಕುನಗಳ ಭಯವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದುದು ಇಂತಹ ಅನ್ಯಾಯವು ತೊಲಗಲೆಂದಲ್ಲವೇ?

ಬಾಗಲಕೋಟೆಯ ಸುತ್ತಣ ಒಣಭೂಮಿಯ ಒಕ್ಕಲಿಗನನ್ನು ನೋಡಿರಿ. ಎರಡು ಕೊಳವೆಬಾವಿ ಬತ್ತಿದ ಮೇಲೆ, ‘ಇಷ್ಟು ಹಣ ಸುರಿದಾಗಿದೆ, ಮೂರನೆಯದು ಬಂದೇ ಬರುತ್ತದೆ’ ಎಂದು ಮತ್ತೆ ಸಾಲ ಮಾಡುತ್ತಾನೆ. ಹೋದ ಹಣ ಹೋಯಿತು. ನೆಲದೊಳಗಿನ ನೀರಿಗೆ ನಮ್ಮ ಸಾಲದ ಲೆಕ್ಕ ತಿಳಿಯದು.

ಹೊಳೆದಂಡೆಯವರ ನೆವ ಬೇರೆ: ‘ಅಪ್ಪನ ಕಾಲದಲ್ಲಿ ಬಾರದ ನೀರು ಈಗೇಕೆ ಬಂದೀತು?’ 2009ರಲ್ಲಿ ಮಲಪ್ರಭೆಯು ಉಕ್ಕಿದಳು. 2019ರ ಆಗಸ್ಟಿನಲ್ಲಿ ಮತ್ತೆ ಉಕ್ಕಿ ಬಾದಾಮಿ, ಹುನಗುಂದ ಭಾಗದ ಊರುಗಳಿಗೆ ನುಗ್ಗಿದಳು. ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಮೇಲಣ ನವಿಲುತೀರ್ಥದ ಅಣೆಕಟ್ಟಿನಿಂದ ಇಂದು ಬಿಟ್ಟ ನೀರನ್ನು ಅಪ್ಪನ ನೆನಪು ಅಳೆಯಲಾರದು.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಬೇಡಿದುದು ಕಾಳನ್ನಲ್ಲ, ಕಾಸನ್ನಲ್ಲ, ಜನರ ದುಶ್ಚಟಗಳನ್ನು. ಅವರು 2018ರಲ್ಲಿ ಲಿಂಗೈಕ್ಯರಾದರು. ಚಟವನ್ನು ಜೋಳಿಗೆಗೆ ಹಾಕಹೊರಟ ಕೈಯನ್ನು ಹಿಂದಕ್ಕೆಳೆಯುವುದು ಯಾವುದು? ನೆವವೇ. ‘ನಮ್ಮಜ್ಜ ಬೀಡಿ ಸೇದಿಯೇ ತೊಂಬತ್ತು ವರ್ಷ ಬಾಳಿದ’ ಎನ್ನುವವನು ಒಬ್ಬ ಅಜ್ಜನನ್ನು ಎಣಿಸುತ್ತಾನೆ. ನಡುಪ್ರಾಯದಲ್ಲಿ ಮಡಿದವರನ್ನು ಎಣಿಸುವುದಿಲ್ಲ. ‘ಊರೆಲ್ಲ ಕುಡಿಯುತ್ತದೆ’ ಎನ್ನುವಿರಾ? ಕುಡಿಯುವವರು ಹೆಚ್ಚಿದರೆ ವಿಷವು ಅಮೃತವಾಗದು. ‘ಇಂದೊಂದೇ ದಿನ’ ಎಂಬ ಮಾತಿಗಂತೂ ನಾಳೆಯೆಂಬುದೇ ಇಲ್ಲ. ನಾಳೆಯೂ ಅದು ‘ಇಂದೇ’ ಆಗಿ ಬರುತ್ತದೆ.

ಇದಕ್ಕೆ ಮದ್ದೇನು? ಕಲ್ಯಾಣದ ಶರಣರು ತಮ್ಮ ಮಾತನ್ನು ಅನುಭವಗೋಷ್ಠಿಯಲ್ಲಿಟ್ಟು ಒರೆಗೆ ಹಚ್ಚಿದರು. ನಾವೂ ಬೆಳಗಿನ ಪೂಜೆಯಲ್ಲಿ ಕರಸ್ಥಲದ ಲಿಂಗವನ್ನು ನೋಡುತ್ತ ಮೂರು ಮಾತು ಕೇಳಿಕೊಳ್ಳೋಣ: ಇದೇ ಕಾರಣವನ್ನು ನೆರೆಯವನು ಹೇಳಿದ್ದರೆ ಒಪ್ಪುತ್ತಿದ್ದೆನೇ? ನನಗೆ ಒಗ್ಗದ ನಿದರ್ಶನಗಳನ್ನೂ ಎಣಿಸಿದೆನೇ? ಮೊದಲು ಹುಟ್ಟಿದ್ದು ಕಾರಣವೋ, ಆಸೆಯೋ? ಅಂಗೈಯಲ್ಲಿ ಲಿಂಗವಿರುವಾಗ ಮನಸ್ಸು ನೆವ ಹೇಳಲು ನಾಚುತ್ತದೆ. ಆ ನಾಚಿಕೆಯೇ ಅರಿವಿನ ಮೊದಲ ಬೆಳಕು.