ಬೀದಿ ಬಿಡಬೇಕೆ, ಉಳಿಯಬೇಕೆ?



ನೀವಿರುವ ಬಡಾವಣೆಯಲ್ಲಿ ಸರಗಳ್ಳತನ ಹೆಚ್ಚಿದೆ ಎಂದುಕೊಳ್ಳಿ. ಪಕ್ಕದ ಮನೆಯ ಬೀಗ ಮುರಿದಿದ್ದಾರೆ. ಸಂಜೆ ಟ್ಯೂಷನ್ನಿಗೆ ಹೋದ ಮಗಳು ಮನೆ ಸೇರುವವರೆಗೆ ನಿಮಗೆ ನೆಮ್ಮದಿಯಿಲ್ಲ. ‘ಈ ಮನೆ ಮಾರಿ ಬೇರೆ ಕಡೆ ಹೋಗೋಣ’ ಎಂಬ ಮಾತು ಊಟದ ಹೊತ್ತಿನಲ್ಲಿ ದಿನವೂ ಬರುತ್ತದೆ. ಹೋಗುವುದು ಹೇಡಿತನವೇ? ಉಳಿಯುವುದು ಹುಂಬತನವೇ?

ಪ್ರಶ್ನೆ ಹೊಸದಲ್ಲ. ಸುಮಾರು 429ರಲ್ಲಿ ವ್ಯಾಂಡಲರು ಉತ್ತರ ಆಫ್ರಿಕಕ್ಕೆ ನುಗ್ಗಿದಾಗ, ಗುರುಗಳು ಊರು ಬಿಟ್ಟು ಹೋಗಬಹುದೇ ಎಂದು ಹೊನೊರಾಟುಸ್ ಎಂಬ ಧರ್ಮಾಧ್ಯಕ್ಷರು ಸಂತ ಅಗಸ್ಟೀನರನ್ನು ಕೇಳಿದರು. ತಪ್ಪಿಸಿಕೊಳ್ಳುವುದೇ ಪಾಪವೆಂದು ಅಗಸ್ಟೀನರು ಹೇಳಲಿಲ್ಲ. ಸಂತ ಪೌಲರೇ ದಮಸ್ಕದಿಂದ ಬುಟ್ಟಿಯಲ್ಲಿ ಇಳಿದು ಪಾರಾಗಿದ್ದರಲ್ಲ! ಆದರೆ ಅಲ್ಲಿ ಶತ್ರುಗಳು ಹುಡುಕುತ್ತಿದ್ದುದು ಪೌಲರೊಬ್ಬರನ್ನೇ. ಜನರ ಆರೈಕೆಗೆ ಬೇರೆಯವರಿದ್ದರು. ಅಪಾಯ ಎಲ್ಲರಿಗೂ ಸಮನಾಗಿರುವಾಗ, ಹೋಗಲಾರದವರು ನಮ್ಮನ್ನೇ ನಂಬಿಕೊಂಡಿರುವಾಗ, ಅವರ ಕೈಬಿಡಬಾರದು ಎಂಬುದು ಅಗಸ್ಟೀನರ ಉತ್ತರ. 430ರಲ್ಲಿ ಹಿಪ್ಪೋ ನಗರಕ್ಕೆ ಮುತ್ತಿಗೆ ಬಿದ್ದಾಗ ಅವರು ಅಲ್ಲೇ ಇದ್ದರು; ಅಲ್ಲೇ ಪ್ರಾಣಬಿಟ್ಟರು.

ಆ ಮಾತು ಗುರುಗಳಿಗೆ ಹೇಳಿದ್ದು ನಿಜ. ಆದರೂ ಕುಟುಂಬಸ್ಥರಿಗೂ ಅದರಲ್ಲಿ ಒಂದು ಅಳತೆಗೋಲಿದೆ: ನನ್ನನ್ನು ನಂಬಿಕೊಂಡವರು ಯಾರು? ಮೊದಲು ನಿಮ್ಮ ಮಕ್ಕಳು. ಅವರ ಜೀವಕ್ಕೇ ಸಂಚಕಾರವಿದ್ದರೆ ಹೊರಡುವುದೇ ಕರ್ತವ್ಯ. ಹೆರೋದನಿಂದ ಮಗುವನ್ನು ಉಳಿಸಲು ಸಂತ ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರು. ಆದರೆ ನಂಬಿದವರು ಮಕ್ಕಳಷ್ಟೇ ಅಲ್ಲ. ಎದುರು ಮನೆಯ ಒಂಟಿ ಅಜ್ಜಿ, ಬೇರೆಡೆ ಮುಂಗಡ ಕೊಡಲಾರದ ಹಿಂದಿನ ಓಣಿಯ ಕುಟುಂಬ, ಇವರು ಎಲ್ಲಿಗೆ ಹೋದಾರು?

ಅಮೆರಿಕದ ಡೆಟ್ರಾಯಿಟ್ ನಗರವನ್ನು ನೋಡಿ. 1950ರಲ್ಲಿ ಅಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರಲ್ಲಿ ಉಳಿದವರು 6 ಲಕ್ಷ 39 ಸಾವಿರ. ಕಾರ್ಖಾನೆಗಳು ಮುಚ್ಚಿದವು, 1967ರಲ್ಲಿ ದೊಡ್ಡ ದಂಗೆಯಾಯಿತು, ಅಪರಾಧ ಏರಿತು. ಕರಿಯರು ನೆರೆಗೆ ಬಂದರೆಂಬ ಒಂದೇ ಕಾರಣಕ್ಕೆ ಮನೆ ಮಾರಿದ ಬಿಳಿಯರೂ ಇದ್ದರು. ಒಂದೊಂದು ಕುಟುಂಬ ಹೊರಟಂತೆ ಅಂಗಡಿಗಳು ಮುಚ್ಚಿದವು, ಶಾಲೆಗಳು ಬರಿದಾದವು. 1989ರಲ್ಲಿ ಸುಮಾರು 30 ಕಥೋಲಿಕ ಧರ್ಮಕೇಂದ್ರಗಳನ್ನು ಮುಚ್ಚಬೇಕಾಯಿತು. ನಷ್ಟವೆಲ್ಲ ಹೋಗಲಾರದ ಬಡವರ ಪಾಲಿಗೆ ಬಂತು.

ಆದ್ದರಿಂದ ನಿಮ್ಮ ಭಯವನ್ನೂ ಒಮ್ಮೆ ಪರೀಕ್ಷಿಸಿ. ನೀವು ಹೆದರಿರುವುದು ಕಳ್ಳನಿಗೋ, ಅಥವಾ ಬೇರೆ ಭಾಷೆ, ಬೇರೆ ಧರ್ಮದ ಹೊಸ ನೆರೆಯವರಿಗೋ?

ಇನ್ನೊಂದು ಸಂಗತಿ. ಷಿಕಾಗೊ ನಗರದ 343 ನೆರೆಹೊರೆಗಳನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ ವರದಿ, ನೆರೆಯವರು ಪರಸ್ಪರ ನಂಬುವ, ತಪ್ಪು ಕಂಡಾಗ ಸುಮ್ಮನಿರದ ಕಡೆ ಹಿಂಸೆ ಕಡಿಮೆ ಎಂದು ತೋರಿಸಿತು. ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಮಾತು ನಿಂತಿತು.

ಹಾಗಾಗಿ ಉಳಿಯುವುದಾದರೆ ಗ್ರಿಲ್ಲಿನ ಹಿಂದೆ ಅಡಗಿಕೊಂಡು ಉಳಿಯಬೇಡಿ. ಉರಿಯದ ಬೀದಿದೀಪಕ್ಕಾಗಿ ಹತ್ತು ಮನೆಯವರು ಸೇರಿ ಅರ್ಜಿ ಕೊಡಿ. ಪೊಲೀಸ್ ಠಾಣೆಗೆ ಒಟ್ಟಾಗಿ ಹೋಗಿ. ಅಕ್ಕಪಕ್ಕದವರ ಮಕ್ಕಳ ಹೆಸರು ತಿಳಿದುಕೊಳ್ಳಿ. ಹೋಗಲೇಬೇಕಾದರೆ ಮನಸ್ಸಿಗೆ ಚುಚ್ಚಿಕೊಳ್ಳಬೇಡಿ, ಹೋಗಿ. ಆದರೆ ಆ ಅಜ್ಜಿಯ ಬಾಗಿಲನ್ನು ನಾಳೆಯಿಂದ ಯಾರು ತಟ್ಟುತ್ತಾರೆ ಎಂಬುದನ್ನು ಗೊತ್ತುಮಾಡಿ ಹೋಗಿ.